ವಿರೂಪಾಕ್ಷನ ಆಕ್ಷೇಪಣೆ

ಭರತಮುನಿಯು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಹೇಳಿರುವ ಒಂದು ಪ್ರಸಂಗವನ್ನು ನಮ್ಮ ಪಂಡಿತರು ನಾಟ್ಯೋತ್ಪತ್ತಿಯ ಪುರಾಣವೆಂದು ಓದಿ ಮುಂದೆ ಸಾಗುವುದೇ ರೂಢಿ. ನನಗಾದರೋ ಅದು ಪ್ರೇಕ್ಷಕರ ಪ್ರತಿಭಟನೆಯೊಂದರ ವರದಿಯಂತೆ ತೋರುತ್ತದೆ. ಇಂದ್ರಧ್ವಜದ ಉತ್ಸವದ ದಿನ, ನಾಂದಿಯಾದ ಮೇಲೆ, ದೇವತೆಗಳು ದೈತ್ಯರನ್ನು ಗೆದ್ದ ಕಥೆಯನ್ನು ಭರತನ ಮಕ್ಕಳು ಆಡಿ ತೋರಿಸಿದರು. ದೇವತೆಗಳಿಗೆ ಪರಮಾನಂದವಾಯಿತು, ಒಬ್ಬೊಬ್ಬರೂ ಒಂದೊಂದು ಉಡುಗೊರೆಯನ್ನಿತ್ತರು. ಅದೇ ಸಭೆಯಲ್ಲಿ ದೈತ್ಯರೂ ಕುಳಿತಿದ್ದರೆಂಬುದು ಆ ಸಂಭ್ರಮದಲ್ಲಿ ಯಾರ ನೆನಪಿಗೂ ಬರಲಿಲ್ಲವೇನೋ. ಅವರು ಕ್ಷೋಭೆಗೊಂಡರು, ವಿರೂಪಾಕ್ಷನನ್ನು (ಹಂಪೆಯ ಸ್ವಾಮಿಯಲ್ಲ, ಆ ಹೆಸರಿನ ಅಸುರ) ಮುಂದಿಟ್ಟುಕೊಂಡು ವಿಘ್ನಗಳೆದ್ದವು, ನಟರ ಮಾತು, ಚಲನೆ, ನೆನಪು ಮೂರೂ ನಿಂತಲ್ಲಿಯೇ ಸ್ತಂಭಿಸಿದವು. ಇಂದ್ರನು ಧ್ವಜದಂಡವನ್ನೇ ಕೈಗೆತ್ತಿಕೊಂಡು ಅವರನ್ನು ಜರ್ಜರಿತರನ್ನಾಗಿ ಮಾಡಿದನು. ಆ ಕೋಲಿಗೆ ಜರ್ಜರವೆಂದೇ ಹೆಸರಾಯಿತು. ರಂಗದಲ್ಲಿ ಅದಕ್ಕೆ ಪೂಜೆಯೂ ಸಲ್ಲುತ್ತದೆ.

ಕೋಲಿನಿಂದ ಕಲಹ ತೀರಲಿಲ್ಲ. ಕಡೆಗೆ ದೇವತೆಗಳೇ ಬ್ರಹ್ಮನ ಬಳಿಗೆ ಹೋಗಿ ಸಾಮೋಪಾಯವನ್ನು ಹಿಡಿಯಬೇಕೆಂದು ಬೇಡಿಕೊಂಡರು. ನಾಟ್ಯವನ್ನು ಕೆಡಿಸುವುದೇಕೆಂದು ಬ್ರಹ್ಮನು ಕೇಳಿದಾಗ ವಿರೂಪಾಕ್ಷನು ಕೊಟ್ಟ ಉತ್ತರದಲ್ಲಿ ಕೋಪಕ್ಕಿಂತ ನೋವೇ ಹೆಚ್ಚು. ನೀನು ಅವರಿಗೆ ಹೇಗೋ ನಮಗೂ ಹಾಗೆಯೇ ಪಿತಾಮಹನು, ನಾವೂ ನಿನ್ನಿಂದಲೇ ಹುಟ್ಟಿದವರು, ಹೀಗಿರುತ್ತ ಅವರ ಇಚ್ಛೆಯನ್ನು ನಡೆಸಲು ನಮ್ಮನ್ನು ಹೀನೈಸುವ ಈ ವಿದ್ಯೆಯನ್ನು ಸೃಜಿಸಿದ್ದು ನಿನಗೆ ತಕ್ಕದ್ದಲ್ಲವೆಂಬುದು ಅವನ ಮಾತಿನ ತಾತ್ಪರ್ಯ. ಬ್ರಹ್ಮನಾದರೋ, ಈ ನಾಟ್ಯವು ನಿಮ್ಮೊಬ್ಬರದೂ ಅಲ್ಲ, ದೇವತೆಗಳೊಬ್ಬರದೂ ಅಲ್ಲ, ಮೂರು ಲೋಕಗಳ ಭಾವವನ್ನೂ ಅನುಕೀರ್ತಿಸತಕ್ಕದ್ದು ಎಂದು ಸಮಾಧಾನ ಹೇಳಿದನು.

ಕಲೆಯ ವಿಷಯದಲ್ಲಿ ಇದಕ್ಕಿಂತ ವಿಶಾಲವಾದ ಮಾತನ್ನು ಯಾರೂ ಆಡಿಲ್ಲವೆಂದು ಬಹುಕಾಲ ನಂಬಿಕೊಂಡಿದ್ದೆನು. ಆ ನಂಬಿಕೆ ಈಗಲೂ ಪೂರ್ತಿಯಾಗಿ ಹೋಗಿಲ್ಲ. ಆದರೆ ಕಥೆಯ ನಾಯಕಸ್ಥಾನ ಯಾರಿಗೆ ಸಲ್ಲಬೇಕು, ನಾಯಕಿಯ ಮೈಬಣ್ಣ ಯಾವುದಿರಬೇಕು ಎಂದು ಈಚಿನ ವರ್ಷಗಳಲ್ಲಿ ಅಮೆರಿಕ ಇಂಗ್ಲೆಂಡುಗಳಲ್ಲಿ ಎದ್ದ ವಾಗ್ವಾದಗಳನ್ನು ಓದುವಾಗಲೆಲ್ಲ, ವಿರೂಪಾಕ್ಷನು ಆ ಉತ್ತರವನ್ನು ಕೇಳಿ ಮನೆಗೆ ಹೋಗುವಾಗ ಏನೆಂದುಕೊಂಡಿರಬಹುದೆಂಬ ಸಂದೇಹವು ಕಾಡಹತ್ತಿದೆ.

ವಾದಗಳಲ್ಲಿ ವಿನೋದಕ್ಕೂ ಕೊರತೆಯಿಲ್ಲ. ಬ್ರಿಟಿಷ್ ಟೆಲಿವಿಷನ್ನಿನಲ್ಲಿ 1963ರಿಂದ ನಡೆದುಬಂದ ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯ ನಾಯಕನು ಎರಡು ಹೃದಯಗಳುಳ್ಳ ಅನ್ಯಗ್ರಹವಾಸಿ; ಮರಣ ಸಮೀಪಿಸಿದಾಗ ಹಳೆಯ ದೇಹವನ್ನು ಕಳಚಿ ಹೊಸ ದೇಹವನ್ನು ತಾಳುವುದು ಅವನ ಸ್ವಭಾವ. ಗೀತೆಯ ಎರಡನೆಯ ಅಧ್ಯಾಯವನ್ನು ಓದಿದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಇಷ್ಟೆಲ್ಲ ದೇಹಾಂತರಗಳನ್ನು ನಗುನಗುತ್ತ ಒಪ್ಪಿದ ಪ್ರೇಕ್ಷಕರಲ್ಲಿ ಕೆಲವರು, 2017ರಲ್ಲಿ ಆ ಜೀವವು ಮೊದಲ ಬಾರಿಗೆ ಸ್ತ್ರೀದೇಹವನ್ನು ಧರಿಸುವುದೆಂದೂ ಜೋಡಿ ವಿಟ್ಟೇಕರ್ ಎಂಬ ನಟಿ ಆ ಪಾತ್ರವನ್ನು ವಹಿಸುವಳೆಂದೂ ತಿಳಿದಾಗ, ಇದು ಅಸಂಭವವೆಂದು ಕೂಗೆಬ್ಬಿಸಿದರು. ಎರಡು ಹೃದಯ ಸಂಭವ, ಆಕಾಶಯಾನ ಸಂಭವ; ಹೆಣ್ಣುಜನ್ಮ ಮಾತ್ರ ಅಸಂಭವ!

ಮತ್ಸ್ಯಕನ್ಯೆಯ ಪ್ರಸಂಗ ಇದಕ್ಕಿಂತ ಗಹನವಾದದ್ದು. ಡೆನ್ಮಾರ್ಕಿನ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಸಮುದ್ರರಾಜನ ಕಿರಿಯ ಮಗಳು ನೀಲಿ ಕಣ್ಣಿನವಳು, ಗುಲಾಬಿಯ ಎಸಳಿನಂತಹ ಮೈಯವಳು. ಡಿಸ್ನಿ ಸಂಸ್ಥೆಯವರು 2023ರಲ್ಲಿ ತೆರೆಗೆ ತಂದ ಚಿತ್ರದಲ್ಲಿ ಆ ಪಾತ್ರಕ್ಕೆ ಕರಿಯ ಜನಾಂಗದ ಹ್ಯಾಲಿ ಬೇಲಿಯನ್ನು ಆರಿಸಿದ್ದು ಗ್ರಂಥಕರ್ತನಿಗೆ ಮಾಡಿದ ದ್ರೋಹವೆಂದು ಅನೇಕರು ಆಕ್ಷೇಪಿಸಿದರು. ಆದರೆ ಆಂಡರ್ಸನ್ನನ ಕಥೆಯ ಪ್ರಾಣವಿರುವುದು ಅವಳ ಮೈಬಣ್ಣದಲ್ಲಲ್ಲ. ಮತ್ಸ್ಯಕುಲದವರಿಗೆ ಮುನ್ನೂರು ವರ್ಷದ ಆಯುಸ್ಸುಂಟು, ಅಮರವಾದ ಆತ್ಮವಿಲ್ಲ. ಸತ್ತರೆ ಕಡಲಿನ ನೊರೆಯಾಗಿ ಕರಗುವರು. ಆ ಹುಡುಗಿ ನಾಲಿಗೆಯನ್ನು ಕತ್ತರಿಸಿಕೊಟ್ಟು, ಹೆಜ್ಜೆಹೆಜ್ಜೆಗೂ ಕತ್ತಿಯ ಅಲಗನ್ನು ತುಳಿದಂತಾಗುವ ಕಾಲುಗಳನ್ನು ಪಡೆದದ್ದು ರಾಜಕುಮಾರನಿಗಾಗಿ ಎಷ್ಟೋ ಆತ್ಮಕ್ಕಾಗಿಯೂ ಅಷ್ಟೇ. ಕಡೆಯಲ್ಲಿ ರಾಜಕುಮಾರನು ಅವಳಿಗೆ ದಕ್ಕುವುದೂ ಇಲ್ಲ. ಅದೇ ಸಂಸ್ಥೆ 1989ರಲ್ಲಿ ಇದೇ ಕಥೆಯನ್ನು ವ್ಯಂಗ್ಯಚಿತ್ರಗಳ ಚಲನಚಿತ್ರವಾಗಿ ಮಾಡಿ, ಆತ್ಮದ ಮಾತನ್ನೇ ಕೈಬಿಟ್ಟು, ಮದುವೆಯ ವಾಲಗದಲ್ಲಿ ಮುಗಿಸಿದಾಗ ಇಂತಹ ಕೂಗು ಏಳಲಿಲ್ಲ. ಕಥೆಯ ಆತ್ಮ ಹೋದಾಗ ಸುಮ್ಮನಿದ್ದವರು ಅದರ ಚರ್ಮ ಬದಲಾದಾಗ ಎಚ್ಚತ್ತರು.

ನಮ್ಮ ರಸಿಕರು ಇಂತಹ ಗದ್ದಲವನ್ನು ಕಂಡು ಮುಗುಳ್ನಗಬಹುದು. ಭಟ್ಟನಾಯಕನು ಸಾಧಾರಣೀಕರಣವೆಂಬ ತತ್ತ್ವವನ್ನು ಹೇಳಿ, ಅಭಿನವಗುಪ್ತನು ಅದಕ್ಕೆ ಇನ್ನಷ್ಟು ಆಳವನ್ನು ಕೊಟ್ಟು, ಸಾವಿರ ವರ್ಷಗಳಾದವು. ರಂಗದ ಮೇಲಿನ ಸೀತೆ ಇಂತಹ ಕಾಲದ, ಇಂತಹವನ ಹೆಂಡತಿಯಾದ ವ್ಯಕ್ತಿಯಾಗಿ ಸಹೃದಯನಿಗೆ ತೋರುವುದಿಲ್ಲ. ನೋಡುವವನಿಗೂ ತಾನು ಇಂತಹವನೆಂಬ ಅರಿವು ಆ ಕ್ಷಣಕ್ಕೆ ಜಾರುತ್ತದೆ. ಉಳಿಯುವುದು ಯಾರದೂ ಅಲ್ಲದ, ಆದುದರಿಂದ ಎಲ್ಲರದೂ ಆದ ಶೋಕ. ಹೀಗಿರುವಾಗ ನಟಿಯ ಮೈ ಕಪ್ಪಾದರೇನು ಬಿಳುಪಾದರೇನು?

ಸಿದ್ಧಾಂತ ಸರಿಯೇ. ಆದರೆ ಭರತನೇ ಆಹಾರ್ಯವನ್ನು, ಎಂದರೆ ವೇಷಭೂಷಣಗಳನ್ನು, ಹೇಳುವಾಗ ಇಷ್ಟು ನಿಶ್ಚಿಂತನಾಗಿಲ್ಲ. ಶಕಯವನರಿಗೆ ಗೌರವರ್ಣ, ಕಿರಾತರಿಗೂ ಆಂಧ್ರದ್ರಾವಿಡರಿಗೂ ಕಪ್ಪು ಎಂದು ಬಣ್ಣವನ್ನು ಹಂಚಿಕೊಡುತ್ತಾನೆ. ಲಾಲಿತ್ಯವೇ ಪ್ರಧಾನವಾದ ಕೈಶಿಕೀವೃತ್ತಿಯನ್ನು ಗಂಡಸರಷ್ಟೇ ಸೇರಿ ಆಡಲಾಗದೆಂದು ಅರಿಕೆಮಾಡಿ ಬ್ರಹ್ಮನಿಂದ ಅಪ್ಸರೆಯರನ್ನು ಪಡೆಯುತ್ತಾನೆ. ಹೆಣ್ಣು ಗಂಡಾಗಿಯೂ ಗಂಡು ಹೆಣ್ಣಾಗಿಯೂ ಆಡುವುದಕ್ಕೆ ಬೇರೊಂದು ವಿಭಾಗವನ್ನೇ ಇಟ್ಟು ಒಪ್ಪಿಗೆ ಕೊಡುತ್ತಾನೆ. ದೇಹವನ್ನು ಮರೆಸಬೇಕಾದರೆ ಮೊದಲು ದೇಹವನ್ನು ಗಮನಿಸಬೇಕೆಂಬುದು ಆ ಪ್ರಯೋಗಜ್ಞನಿಗೆ ಗೊತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಒಬ್ಬ ನಟನ ಬಾಳಿನಲ್ಲಿ ಈ ತತ್ತ್ವದ ಪರೀಕ್ಷೆಯೇ ನಡೆದುಹೋಯಿತು. ನ್ಯೂಯಾರ್ಕಿನಲ್ಲಿ ಹುಟ್ಟಿದ ಐರಾ ಆಲ್ಡ್ರಿಜ್ ಕರಿಯ ಜನಾಂಗದವನು. 1833ರಲ್ಲಿ, ಪ್ರಖ್ಯಾತನಾದ ಎಡ್ಮಂಡ್ ಕೀನ್ ಒಥೆಲೋ ಪಾತ್ರವನ್ನಾಡುತ್ತಲೇ ಕುಸಿದುಬಿದ್ದ ಮೇಲೆ, ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಅದೇ ಪಾತ್ರವನ್ನು ಆಲ್ಡ್ರಿಜ್ ವಹಿಸಿದನು. ಮಸಿ ಬಳಿದುಕೊಂಡ ಬಿಳಿಯನನ್ನು ಮೂರ್ ಎಂದು ನಂಬಲು ಯಾವ ಅಡ್ಡಿಯೂ ಇಲ್ಲದಿದ್ದ ಪತ್ರಿಕೆಗಳಿಗೆ ನಿಜವಾಗಿ ಕಪ್ಪಗಿದ್ದವನು ಅಸಹ್ಯನಾದನು. ಎರಡೇ ಪ್ರದರ್ಶನಗಳಲ್ಲಿ ಆಟ ನಿಂತಿತು. ಅವನು ಯೂರೋಪಿನ ಊರೂರು ತಿರುಗಿ, ಮುಖಕ್ಕೆ ಬಿಳಿಯ ಬಣ್ಣ ಹಚ್ಚಿಕೊಂಡು ಲಿಯರ್ ದೊರೆಯನ್ನೂ ಆಡಿ, ಕೀರ್ತಿ ಪಡೆದು, 1867ರಲ್ಲಿ ಪೋಲೆಂಡಿನ ಲೂಜ್ ನಗರದಲ್ಲಿ ತೀರಿಕೊಂಡನು. ಅದೇ ಜನಾಂಗದ ನಟ ಪಾಲ್ ರಾಬ್ಸನ್ನನು ನ್ಯೂಯಾರ್ಕಿನಲ್ಲಿ ಒಥೆಲೋ ಆಗಿ 296 ಪ್ರದರ್ಶನಗಳ ಜಯಭೇರಿ ಹೊಡೆಸಿದ್ದು 1943ರಲ್ಲಿ ಆರಂಭವಾದ ಪ್ರಯೋಗದಲ್ಲಿ. ನೂರಹತ್ತು ವರ್ಷ ಹಿಡಿಯಿತು.

ಇಲ್ಲಿಯೇ ನನ್ನ ಸಂದೇಹದ ಮೂಲವಿದೆ. ಸಾಧಾರಣೀಕರಣವೆಂಬುದು ಒಂದು ಪ್ರಯಾಣ. ತನ್ನನ್ನು ಬಿಟ್ಟು ಇನ್ನೊಬ್ಬನಾಗುವುದಕ್ಕೆ ದಾರಿ ನಡೆಯಬೇಕು. ಆ ದಾರಿಯ ದೂರ ಎಲ್ಲರಿಗೂ ಸಮವೆಂದು ಲಾಕ್ಷಣಿಕರು ಭಾವಿಸಿದಂತಿದೆ. ನಾಯಕನು ನನ್ನಂತೆಯೇ ಗಂಡಸು, ನನ್ನದೇ ಮಾತಿನವನು, ನನ್ನ ಕುಲದವನಂತೆಯೇ ಇರುವವನು ಆಗಿದ್ದರೆ ನಾನು ನಡೆಯಬೇಕಾದದ್ದು ನಾಲ್ಕು ಹೆಜ್ಜೆ. ಹಾಗಲ್ಲದವರಿಗೆ ಅದೇ ದಾರಿ ಬಹುದೂರ.

ಎಳವೆಯಲ್ಲಿ, ಕೊಯ್ಲಾದ ಗದ್ದೆಯಲ್ಲಿ ನಡೆದ ದೇವೀಮಹಾತ್ಮೆಯ ಬಯಲಾಟವೊಂದಕ್ಕೆ ನನ್ನ ಸೋದರತ್ತೆಯೊಡನೆ ಹೋಗಿದ್ದೆನು. ಆಟಕ್ಕೆ ಮೊದಲು ಚೌಕಿಯೊಳಗೆ ಇಣಿಕಿದಾಗ ದೇವಿಯ ವೇಷದವನು ಮೀಸೆ ಬೋಳಿಸಿದ ತುಟಿಯ ಮೇಲೆ ಅರದಾಳ ಬಳಿದುಕೊಂಡು, ಮಗಳ ಮದುವೆಯ ಸಾಲದ ವಿಚಾರವನ್ನು ಪಕ್ಕದವನೊಡನೆ ಮಾತಾಡುತ್ತ, ಬಳೆ ಏರಿಸುತ್ತಿದ್ದನು. ಅತ್ತ ಬಣ್ಣದ ವೇಷದವನು ಸುಣ್ಣ ಬೆರೆಸಿದ ಅಕ್ಕಿಹಿಟ್ಟಿನಿಂದ ಕೆನ್ನೆಯ ಮೇಲೆ ಒಂದೊಂದಾಗಿ ಚುಟ್ಟಿ ಇಡುತ್ತಿದ್ದನು. ನಡುರಾತ್ರಿ ದೊಂದಿಗಳ ಮೇಲೆ ರಾಳ ಎರಚುತ್ತ ಮಹಿಷಾಸುರನು ಜನರ ನಡುವಿನಿಂದಲೇ ನುಗ್ಗಿ ಬಂದಾಗ ನಾನು ಅತ್ತೆಯ ಸೆರಗನ್ನು ಹಿಡಿದುಕೊಂಡೆ. ಬೆಳಗಿನ ಜಾವ ದೇವಿ ಉಯ್ಯಾಲೆಯಲ್ಲಿ ಕುಳಿತಾಗ ಅತ್ತೆ ಮನೆಯಿಂದ ತಂದಿದ್ದ ಒಂದು ಚೆಂಡು ಮಲ್ಲಿಗೆಯನ್ನು ಮುಂದೆ ದಾಟಿಸಿ ಕೈಮುಗಿದಳು. ಹಿಂದಿರುಗುವಾಗ, ಅದು ಗಂಡಸೆಂದು ಗೊತ್ತಿದ್ದೂ ಕೈಮುಗಿದದ್ದೇಕೆ ಎಂದು ನಾನು ಕೇಳಿದೆ. “ಅಲ್ಲ ಮಾರಾಯ, ಆ ಹೊತ್ತಿಗೆ ಅವಳು ದೇವಿಯೇ, ಅದರಲ್ಲಿ ಸಂಶಯ ಉಂಟಾ?” ಎಂದಳು. ಗದ್ದೆಯ ಹುಣಿ ದಾಟಿದ ಮೇಲೆ, ತನ್ನಷ್ಟಕ್ಕೆಂಬಂತೆ, “ಕುಣಿಯಲಿಕ್ಕೆ ಮಾತ್ರ ನಮ್ಮನ್ನು ಯಾರೂ ಕರೆದದ್ದಿಲ್ಲ” ಎಂದಳು. ಈಗ ಹೆಣ್ಣುಮಕ್ಕಳ ಮೇಳಗಳೇ ಇವೆ. ಅತ್ತೆ ಅದನ್ನು ನೋಡಲಿಲ್ಲ. ರಸಾನುಭವ ಅವಳಿಗೆ ನನಗಿಂತ ಕಡಮೆಯಾಗಿರಲಿಲ್ಲ, ಹೆಚ್ಚೇ ಆಗಿತ್ತು. ಅವಳು ನಡೆದ ದಾರಿಯೂ ಹೆಚ್ಚಿನದು.

ಪರಮಾರ್ಥದಲ್ಲಿ ಆತ್ಮಕ್ಕೆ ಲಿಂಗವಿಲ್ಲ, ವರ್ಣವಿಲ್ಲ. ವೇದಾಂತದ ಈ ಮಾತನ್ನು ನಾನು ಹೃತ್ಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಇದನ್ನು ಹೆಚ್ಚಾಗಿ ಹೇಳುವವರು, ತಮ್ಮ ಲಿಂಗವರ್ಣಗಳ ಕಾರಣದಿಂದ ಯಾವ ಬಾಗಿಲಲ್ಲಿಯೂ ನಿಲ್ಲಬೇಕಾಗಿ ಬಾರದವರು. ಮಹಾಭಾರತದ ಶಾಂತಿಪರ್ವದಲ್ಲಿ ಸುಲಭೆಯೆಂಬ ಸಂನ್ಯಾಸಿನಿ, ಮುಕ್ತನೆಂದು ಹೆಸರಾದ ಜನಕರಾಜನನ್ನು ಪರೀಕ್ಷಿಸಲು ಯೋಗಬಲದಿಂದ ಅವನ ಅಂತರಂಗವನ್ನು ಪ್ರವೇಶಿಸುತ್ತಾಳೆ. ಭೇದವೇ ಇಲ್ಲವೆಂದಿದ್ದ ಆ ಜ್ಞಾನಿ ಕೂಡಲೇ, ನೀನು ಯಾರವಳು, ಯಾವ ಕುಲದವಳು, ಹೆಣ್ಣಾಗಿ ಹೀಗೆ ಮಾಡಬಹುದೇ ಎಂದು ಕಿಡಿಕಾರುತ್ತಾನೆ. ನೀನು ಮುಕ್ತನಾಗಿದ್ದರೆ ಈ ಪ್ರಶ್ನೆ ನಿನಗೆ ಹೊಳೆಯುತ್ತಲೇ ಇರಲಿಲ್ಲವೆಂಬುದು ಅವಳ ದೀರ್ಘೋತ್ತರದ ಸಾರ. ರಾಜನಿಗೆ ಆಮೇಲೆ ಮಾತು ಹೊರಡಲಿಲ್ಲ.

ಜನಕನ ಕೋಪ ಮಾತಿನಲ್ಲಿ ಮುಗಿಯಿತು. ಮಲಯಾಳದ ಮೊದಲ ಮೂಕಚಿತ್ರವಾದ ‘ವಿಗತಕುಮಾರನ್’ನಲ್ಲಿ, ಜೆ. ಸಿ. ಡೇನಿಯಲ್ಲರು ನಾಯರ್ ಕುಲದ ಹೆಣ್ಣಿನ ಪಾತ್ರವನ್ನು ಪಿ. ಕೆ. ರೋಸಿ ಎಂಬ ದಲಿತ ಹೆಣ್ಣುಮಗಳಿಗೆ ಕೊಟ್ಟರು. ತಿರುವನಂತಪುರದ ಪ್ರೇಕ್ಷಕರು ತೆರೆಗೆ ಕಲ್ಲು ಹೊಡೆದರು; ಅವಳು ಊರನ್ನೇ ಬಿಟ್ಟು ಓಡಬೇಕಾಯಿತು. ಪಾತ್ರವೇ ಬೇರೆ, ಪಾತ್ರಧಾರಿಯೇ ಬೇರೆಯೆಂದು ಹೇಳಿ ಆ ದಿನ ಯಾವ ಸಹೃದಯನೂ ಅಡ್ಡ ನಿಂತಂತೆ ಕಾಣೆನು.

ಹಾಗೆಂದು ಪ್ರತಿಯೊಬ್ಬ ಪ್ರೇಕ್ಷಕನೂ ತನ್ನ ಮುಖವನ್ನೇ ತೆರೆಯ ಮೇಲೆ ಕಾಣಬೇಕೆಂಬ ವಾದದ ತುದಿಯವರೆಗೆ ನಾನು ಹೋಗಲಾರೆ. ಕಲೆ ಕನ್ನಡಿಯಷ್ಟೇ ಆದರೆ ಅದರೆದುರು ನಿಂತವನು ತಲೆ ಬಾಚಿಕೊಂಡಾನು, ಬೇರೇನೂ ಆಗಲಾರನು. ಹಳೆಯ ಕಥೆಯನ್ನು ಇದ್ದಂತೆಯೇ ಇಟ್ಟು ಮುಖವನ್ನು ಮಾತ್ರ ಬದಲಿಸುವುದು ವರ್ತಕರಿಗೆ ಅಗ್ಗದ ಔದಾರ್ಯ. ಪಂಪ ರನ್ನರು ಸೋತ ಪಕ್ಷದ ಕರ್ಣದುರ್ಯೋಧನರಿಗೆ ಹೃದಯವನ್ನು ಕೊಟ್ಟಂತೆ ಅವರು ಏನನ್ನೂ ಕೊಡುವುದಿಲ್ಲ. ಆದರೂ ಮತ್ಸ್ಯಕನ್ಯೆಯ ಚಿತ್ರದ ತುಣುಕನ್ನು ಮನೆಯಲ್ಲಿ ಕುಳಿತು ನೋಡಿದ ಕರಿಯ ಹುಡುಗಿಯರು, ಇವಳು ನನ್ನಂತೆಯೇ ಇದ್ದಾಳಲ್ಲ ಎಂದು ಬೆರಗಿನಿಂದ ಕೂಗಿದ ದೃಶ್ಯವನ್ನು ನೆನೆದಾಗ ನನ್ನ ಈ ಆಕ್ಷೇಪ ತುಸು ಮೆತ್ತಗಾಗುತ್ತದೆ. ಆ ಮಕ್ಕಳಿಗೆ ಒಂದು ದಿನವಾದರೂ ದಾರಿ ಹತ್ತಿರವಾಯಿತು.

ಭರತನ ಕಥೆ ಬ್ರಹ್ಮನ ಸಮಾಧಾನದೊಂದಿಗೆ ಮುಗಿಯುವುದಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಬ್ರಹ್ಮನು ಇನ್ನೊಂದು ಆಟವನ್ನು ಆಡಿಸಲು ಹೇಳುತ್ತಾನೆ. ಈ ಸಲದ ವಸ್ತು ದೈತ್ಯರ ಸೋಲಲ್ಲ, ಅಮೃತಮಂಥನ. ಹಗ್ಗದ ಒಂದು ತುದಿಯಲ್ಲಿ ದೇವತೆಗಳು, ಇನ್ನೊಂದು ತುದಿಯಲ್ಲಿ ಅಸುರರು. ಅದನ್ನು ನೋಡಿ ದೇವದಾನವರೆಲ್ಲರೂ ಹರ್ಷಗೊಂಡರೆಂದು ಭರತನು ಬರೆಯುತ್ತಾನೆ. ಕಡಲು ಕಡೆದ ಮೇಲೆ ಅಮೃತ ಯಾರ ಪಾಲಾಯಿತೆಂಬುದನ್ನು ಆ ಸಭೆಯಲ್ಲಿದ್ದವರೆಲ್ಲ ಬಲ್ಲರು. ಮೋಹಿನಿ ಪ್ರವೇಶಿಸುವ ಮೊದಲೇ ಮಂಗಳ ಹಾಡಿಸಿದನೋ ಇಲ್ಲವೋ, ಭರತನು ಹೇಳಿಲ್ಲ.