ಹೆಂಚಿನ ಮನೆಯಲ್ಲಿ ಮಾಳಿಗೆಯ ಪದ

ಅರಕಲಗೂಡಿನ ನಮ್ಮ ಮನೆಯಲ್ಲಿ ಸಂತ ಶಿಶುನಾಳ ಶರೀಫರ ಹೆಸರಿನಲ್ಲಿ ಮಾತಿಗೆ ಮಾತು ಬೆಳೆದದ್ದು ಒಂದು ಆಷಾಢದ ಸಂಜೆ. ಬೆಂಗಳೂರಿನಿಂದ ಬಂದಿದ್ದ ಮಗಳು ಗಾಯಕ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಹಾಕಿದ್ದಳು. 2008ರಲ್ಲಿ ಹಿಂದಿ ಸಿನಿಮಾ ಸಂಗೀತದ ವಿಶಾಲ್-ಶೇಖರ್ ಜೋಡಿ ಹೊರತಂದ ಆಲ್ಬಂ ಅದು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ತತ್ವಪದಗಳಿವೆ: ಒಂದು ಗುಡುಗುಡಿಯದು, ಅಂದರೆ ಹುಕ್ಕಾದ್ದು; ಇನ್ನೊಂದು ಸೋರುವ ಮಾಳಿಗೆಯದು. ಡ್ರಮ್ಸ್ ಶುರುವಾದೊಡನೆ ಚಿಕ್ಕಪ್ಪ ಎದ್ದು ಜಗಲಿಗೆ ಹೋದರು.

"ಇದು ಪದ ಅಲ್ಲ ಕಣಮ್ಮ, ಕುಣಿತ."

"ಇಂಗ್ಲೆಂಡಿನವರು ಕನ್ನಡ ಬರದಿದ್ದರೂ ಇದನ್ನ ಮೆಚ್ಚಿದ್ದಾರೆ ತಾತ," ಅಂದಳು ಮಗಳು. ಸುಳ್ಳಲ್ಲ. 2011ರಲ್ಲಿ ಅಲ್ಲಿನ ಸಾಂಗ್‌ಲೈನ್ಸ್ ಪತ್ರಿಕೆ ಹೊಸ ಕಲಾವಿದರಿಗೆ ಕೊಡುವ ಪ್ರಶಸ್ತಿಯನ್ನು ರಘು ದೀಕ್ಷಿತ್ ಅವರಿಗೆ ಕೊಟ್ಟಿತು. ಅದೇ ವರ್ಷ ಅವರು ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿದರು.

"ಕನ್ನಡ ಬರದವರು ಮೆಚ್ಚಿದ್ದು ಏನನ್ನ?" ಅಂತ ಚಿಕ್ಕಪ್ಪ ಜಗಲಿಯಿಂದಲೇ ಕೇಳಿದರು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ನನಗೆ ಆಗ ಉತ್ತರ ಹೊಳೆಯಲಿಲ್ಲ.

ಚಿಕ್ಕಪ್ಪನಿಗೆ ಶರೀಫರೆಂದರೆ ಸಿ. ಅಶ್ವತ್ಥ್. 1939ರಲ್ಲಿ ನಮ್ಮದೇ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿ, ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರಿಯ ಜೊತೆಗೇ ಹಾಡಿಕೊಂಡು ಬಂದವರು. ಧಾರವಾಡದ ಕಡೆಯ ಪದಗಳು ನಮ್ಮ ಹಾಸನ ಸೀಮೆಯ ಮನೆಮನೆಗೆ ಬಂದದ್ದು ಅವರ ಕಂಠದಿಂದ. ಆದರೆ ಅವರ ಕ್ಯಾಸೆಟ್ ಮೊದಲು ಬಂದಾಗ ನಮ್ಮಜ್ಜಿ ಕಿವಿ ಮುಚ್ಚಿಕೊಂಡಿದ್ದರು. ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಕೂತು ಹೇಳುವ ಭಜನೆ ಕೇಳಿ ಬೆಳೆದವರಿಗೆ ಅಶ್ವತ್ಥರ ಏರುದನಿ ಕೂಗಿನಂತೆ ಕೇಳಿಸಿತ್ತು. ಅವತ್ತು ಅಜ್ಜಿಯೊಡನೆ ವಾದಕ್ಕೆ ನಿಂತವರು ಇದೇ ಚಿಕ್ಕಪ್ಪ. ಹಾಗೆಂದು ಹೊಸದನ್ನೆಲ್ಲ ಒಪ್ಪಬೇಕು ಅಂತ ನಾನು ಹೇಳುತ್ತಿಲ್ಲ. ಅಜ್ಜಿ ಕೇಳಿದ್ದೂ ಚಿಕ್ಕಪ್ಪ ಕೇಳುತ್ತಿರುವುದೂ ಒಂದೇ ಮಾತು: ತತ್ವ ಇರುವುದು ಎಲ್ಲಿ, ಮಾತಿನಲ್ಲೋ ದನಿಯಲ್ಲೋ?

ದನಿಯಲ್ಲಿ ಅನ್ನುವವರಿಗೆ ನಮ್ಮ ತಾಲ್ಲೂಕಿನಲ್ಲೇ ಒಂದು ಆಧಾರವಿದೆ: ಕಾವೇರಿ ದಡದ ರುದ್ರಪಟ್ಟಣ, ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ಅಲ್ಲಿ ಇನ್ನೊಬ್ಬ ಗಾಯಕ ಆರ್.ಕೆ. ಪದ್ಮನಾಭ ತಂಬೂರಿಯ ಆಕಾರದಲ್ಲೇ ಒಂದು ಧ್ಯಾನಮಂದಿರ ಕಟ್ಟಿಸಿದ್ದಾರೆ. ನಾದವೇ ಉಪಾಸನೆ ಅನ್ನುವ ನಂಬಿಕೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಮಗಳ ವಾದಕ್ಕೆ ಅಲ್ಲಿ ನೆಲೆಯಿದೆ. ಶ್ರುತಿ ಕೂಡಿದ ದನಿಗೆ ಭಾಷೆಯ ಹಂಗಿಲ್ಲ.

ಆದರೆ ತತ್ವಪದ ಬರೀ ನಾದವಲ್ಲ, ಉಪದೇಶ. ಕಳಸದ ಗೋವಿಂದಭಟ್ಟರು ಮುಸಲ್ಮಾನರ ಮನೆಯ ಹುಡುಗ ಶರೀಫರನ್ನು ಶಿಷ್ಯರಾಗಿ ಒಪ್ಪಿಕೊಂಡು ಕೊಟ್ಟ ಅರಿವು ಗುಡುಗುಡಿ, ಮಾಳಿಗೆಯಂಥ ದಿನಬಳಕೆಯ ಮಾತಿನಲ್ಲಿ ಬಂದಿದೆ. ರಸ ಸಹೃದಯನ ಮನಸ್ಸಿನಲ್ಲಿ ಹುಟ್ಟುತ್ತದೆ ಅಂದ ಕಾವ್ಯಮೀಮಾಂಸಕ ಅಭಿನವಗುಪ್ತನ ಮಾತು ಕಾವ್ಯಕ್ಕೆ ಸರಿ; ಅಲ್ಲಿ ಸವಿದರೆ ಸಾಕು. ಶರೀಫರು ಸವಿಯಲು ಬಿಡುವವರಲ್ಲ. ನಿನ್ನ ಮನೆ ಸೋರುತ್ತಿದೆ, ನೋಡಿಕೋ ಅನ್ನುತ್ತಾರೆ.

ಮಾಳಿಗೆ ನಮ್ಮ ಕಡೆಯದಲ್ಲ. ಅದು ಬಯಲುಸೀಮೆಯ ಮಣ್ಣಿನ ಮೇಲ್ಚಾವಣಿ. ನಮ್ಮದು ಹೆಂಚು, ಮಳೆಗಾಲಕ್ಕೆ ಮುಂಚೆ ಒಬ್ಬರು ಹತ್ತಿ ಕೈಯಾಡಿಸಬೇಕು. ಬಂದು ಆ ಕೆಲಸ ಮಾಡಿಕೊಡುತ್ತಿದ್ದವನು ಅಣ್ಣ. ಅಣ್ಣ ತೀರಿಕೊಂಡ ವರ್ಷ ಯಾರೂ ಹತ್ತಲಿಲ್ಲ. ನಡುಮನೆಯಲ್ಲಿ ಮೂರು ಕಡೆ ಪಾತ್ರೆ ಇಟ್ಟು, ಹನಿಯ ಸದ್ದಿಗೆ ನಿದ್ದೆ ಬಾರದೆ, ಮಗಳು ಕಳಿಸಿದ್ದ ಆ ಪದವನ್ನು ಮೊಬೈಲಿನಲ್ಲಿ ಹಾಕಿಕೊಂಡೆ. ಗಿಟಾರು ಅಡ್ಡ ಬರಲಿಲ್ಲ. ಅಣ್ಣನಿಗೆ ಹುಷಾರಿಲ್ಲ ಅಂತ ಗೊತ್ತಿದ್ದೂ ಆರು ತಿಂಗಳು ನೋಡಲು ಹೋಗದ ನನ್ನ ಅಸಡ್ಡೆ ಕಣ್ಣಿಗೆ ಕಟ್ಟಿತು. ಅಶ್ವತ್ಥರ ದನಿಯಲ್ಲಿ ನೂರು ಸಲ ಕೇಳಿದಾಗಲೂ ಹಾಗಾಗಿರಲಿಲ್ಲ.

ಗುಡುಗುಡಿಯ ಪದಕ್ಕೆ ಈ ಮಾತು ಹೇಳಲಾರೆ. ನಮ್ಮದು ಹೊಗೆಸೊಪ್ಪು ಬೆಳೆಯುವ ತಾಲ್ಲೂಕು, ರಾಮನಾಥಪುರದಲ್ಲಿ ಅದರ ಹರಾಜು ಮಾರುಕಟ್ಟೆಯೇ ಇದೆ. ಸೊಪ್ಪು ಬೇಯಿಸುವವರು ರಾತ್ರಿಯೆಲ್ಲ ಬ್ಯಾರನ್ನಿನ, ಅಂದರೆ ಸೊಪ್ಪು ಹದಗೊಳಿಸುವ ಮನೆಯ, ಬೆಂಕಿ ಕಾಯುವುದನ್ನು ಕಂಡವನು ನಾನು. ಶರೀರವನ್ನೇ ಗುಡುಗುಡಿಯ ಬುರುಡೆ ಮಾಡಿಕೊಂಡು, ಮೋಹವನ್ನು ಕೊಚ್ಚಿ ತುಂಬಿ ಸುಡು ಅನ್ನುವ ಪದ ಅದು. ಆಲ್ಬಮ್ಮಿನಲ್ಲಿ ಅದನ್ನು ಕೇಳುವಾಗ ನನ್ನ ಕಾಲು ತಾಳ ಹಾಕುತ್ತದೆ, ಒಳಗೆ ಏನೂ ಸುಡುವುದಿಲ್ಲ. ಇಲ್ಲಿ ಚಿಕ್ಕಪ್ಪ ಹೇಳಿದ್ದೇ ಸರಿ.

ಒಬ್ಬರೇ ಗಾಯಕರು, ಒಂದೇ ಆಲ್ಬಂ, ಕೇಳಿದವನೂ ಒಬ್ಬನೇ. ಒಂದು ಪದ ತಾಗಿತು, ಒಂದು ತಾಗಲಿಲ್ಲ. ಆದ್ದರಿಂದ ಪ್ರಶಸ್ತಿಯನ್ನು ಮುಂದಿಟ್ಟು ಮಗಳು ಮಾಡುವ ವಾದವನ್ನೂ, ವಾದ್ಯ ನೋಡಿಯೇ ಎದ್ದುಹೋಗುವ ಚಿಕ್ಕಪ್ಪನ ಹಟವನ್ನೂ ನಾನು ಒಪ್ಪುವುದಿಲ್ಲ. ಕನ್ನಡ ಬರದವರು ಮೆಚ್ಚಿದ್ದು ನಾದವನ್ನು. ಅದು ಅವರಿಗೆ ಸಲ್ಲಬೇಕಾದ್ದೇ. ಕನ್ನಡ ಬಂದೂ ಮಾತನ್ನು ಬಿಟ್ಟು ನಾದವನ್ನಷ್ಟೇ ಕೇಳಿದರೆ ನಷ್ಟ ನಮ್ಮದು.

ಚಿಕ್ಕಪ್ಪ ಇವತ್ತಿಗೂ ಒಪ್ಪಿಲ್ಲ. ನಾನು ಹೇಳುವುದು ಇಷ್ಟೇ: ಯಾರ ದನಿಯಲ್ಲಾದರೂ ಕೇಳಿ, ಆದರೆ ಕೇಳುವ ಮೊದಲು ಪದವನ್ನು ಒಮ್ಮೆ ಪೂರ್ತಿ ಓದಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಓದಿ ಹೇಳಿ.