ಇಂದಿನ ಧಮ್ಮ ಚಿಂತನೆ: ಅಂಗುಲಿಮಾಲನ ಸತ್ಯ, ಬಸುರಿಯ ಶುಗರ್ ಪುಸ್ತಕ





ಅಂಗುಲಿಮಾಲ ಎಂದ ಕೂಡಲೇ ನಮಗೆ ನೆನಪಾಗುವುದು ಬೆರಳಿನ ಹಾರ. ಮಜ್ಝಿಮ ನಿಕಾಯದ ಆ ಸುತ್ತದಲ್ಲಿ ಒಂದು ಹೆರಿಗೆಯ ಪ್ರಸಂಗವೂ ಇದೆ. ಭಿಕ್ಷುವಾದ ಮೇಲೆ ಆತ ಸಾವತ್ಥಿಯ ಬೀದಿಯಲ್ಲಿ ಭಿಕ್ಷೆಗೆ ಹೋದಾಗ, ಹೆರಲಾರದೆ ಒದ್ದಾಡುತ್ತಿದ್ದ ಒಬ್ಬ ಹೆಂಗಸನ್ನು ಕಾಣುತ್ತಾನೆ. ಕರುಳು ಹಿಂಡಿದಂತಾಗಿ ಭಗವಾನರ ಬಳಿ ಬಂದು ಹೇಳುತ್ತಾನೆ. ಅವರು, ಹೋಗಿ ಅವಳಿಗೆ ಹೀಗೆ ಹೇಳು ಎನ್ನುತ್ತಾರೆ: ಹುಟ್ಟಿದ ದಿನದಿಂದ ನಾನು ಬೇಕೆಂದು ಯಾವ ಜೀವವನ್ನೂ ತೆಗೆದಿಲ್ಲ, ಈ ಸತ್ಯದಿಂದ ನಿನಗೂ ನಿನ್ನ ಗರ್ಭಕ್ಕೂ ಒಳಿತಾಗಲಿ. ಅಂಗುಲಿಮಾಲ ಅಲ್ಲೇ ತಡೆಯುತ್ತಾನೆ. ನಾನು ಎಷ್ಟೋ ಜನರನ್ನು ಕೊಂದವನು, ಹಾಗೆ ಹೇಳಿದರೆ ಸುಳ್ಳಾಗುತ್ತದಲ್ಲ? ಆಗ ಭಗವಾನರು ಮಾತು ತಿದ್ದುತ್ತಾರೆ: ಧಮ್ಮದಲ್ಲಿ ಹುಟ್ಟಿದ ದಿನದಿಂದ ಎಂದು ಹೇಳು. ಆತ ಹೋಗಿ ಹಾಗೇ ಹೇಳುತ್ತಾನೆ. ತಾಯಿ, ಮಗು ಇಬ್ಬರೂ ಉಳಿಯುತ್ತಾರೆ. ಶ್ರೀಲಂಕಾದಲ್ಲಿ ಇವತ್ತಿಗೂ ಬಸುರಿಯರಿಗಾಗಿ ಅಂಗುಲಿಮಾಲ ಪರಿತ್ತ ಪಠಿಸುತ್ತಾರೆ.

ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಪವಾಡವಲ್ಲ, ಆ ತಿದ್ದುಪಡಿ. ಕೇಳಲು ಚೆಂದವಾದ ಸುಳ್ಳಿಗಿಂತ, ಹೇಳಲು ನಾಚಿಕೆಯಾಗುವ ನಿಜವೇ ಗರ್ಭ ಕಾಯುತ್ತದೆ ಎಂದು ಆ ಕೊಲೆಗಾರನಿಗೆ ಗೊತ್ತಿತ್ತು.

ಇದನ್ನು ಈಗ ಬರೆಯಲು ಕಾರಣವಿದೆ. ಏಳನೇ ತರಗತಿಯಿಂದಲೇ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಬಸುರಿ. ಮೊನ್ನೆ ಉಬ್ರಾಣಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಕೇಳಿದಳು: "ಮಿಸ್, ಇದು ನನ್ನ ಹಿಂದಿನ ಜನ್ಮದ ಕರ್ಮ ಅಂತಾರೆ. ಮಗೂಗೂ ತಟ್ಟುತ್ತಂತೆ. ಹೌದಾ?"

ಅಲ್ಲ ಕಣಮ್ಮ. ಮೋಳಿಯ ಸೀವಕ ಎಂಬ ಪರಿವ್ರಾಜಕ ಇದೇ ಪ್ರಶ್ನೆಯನ್ನು ಭಗವಾನರಿಗೆ ಕೇಳಿದ್ದ. ನೋವಿಗೆ ಅವರು ಎಂಟು ಕಾರಣ ಹೇಳಿದರು: ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತುವಿನ ಬದಲಾವಣೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು, ಕೊನೆಗೆ ಕರ್ಮ. ಎಂಟರಲ್ಲಿ ಅದು ಒಂದು ಅಷ್ಟೆ. ಎಲ್ಲವೂ ಹಿಂದಿನದರ ಫಲ ಎನ್ನುವವರು ತಮಗೆ ಗೊತ್ತಿಲ್ಲದ್ದನ್ನು ಹೇಳುತ್ತಿದ್ದಾರೆ ಎಂದೂ ಸ್ಪಷ್ಟಪಡಿಸಿದರು. ಹಿಂದಿನ ಜನ್ಮದ ಕರ್ಮ ಎಂಬ ವಾದವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇನ್ನೂ ಖಡಾಖಂಡಿತವಾಗಿ ತಳ್ಳಿಹಾಕಿದ್ದಾರೆ. ಅವರಿಗೂ ಸಕ್ಕರೆ ಕಾಯಿಲೆ ಇತ್ತೆಂಬುದು ನಿಮಗೆ ಗೊತ್ತು. ಅದು ಅವರ ಯಾವ ಪಾಪದ ಫಲ ಎಂದು ಯಾರಾದರೂ ನಮ್ಮೆದುರು ಹೇಳಲಿ ನೋಡೋಣ!

ನಮ್ಮ ಕಡೆ ಸಕ್ಕರೆ ಕಾಯಿಲೆ ಎಂದರೆ ವಯಸ್ಸಾದವರದ್ದು, ಸಿಹಿ ತಿಂದವರದ್ದು ಎಂಬ ಭಾವನೆ ಇದೆ. ಟೈಪ್ ಒನ್ ಬೇರೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಪ್ಪಿ, ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶ ಮಾಡಿಬಿಡುತ್ತದೆ. ಅದಕ್ಕೆ ಕಷಾಯವಿಲ್ಲ, ಹಾಗಲಕಾಯಿ ರಸವಿಲ್ಲ. ಇನ್ಸುಲಿನ್ ಒಂದೇ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಅದನ್ನು ಕೊಟ್ಟರು. ಅದಕ್ಕೂ ಮೊದಲು ಈ ಕಾಯಿಲೆ ಬಂದ ಹುಡುಗಿ ತಾಯಾಗುವ ಮಾತಿರಲಿ, ಬಹಳ ವರ್ಷ ಬದುಕುವುದೇ ಅಪರೂಪ. ಆಮೇಲೆ ಬಾಸ್ಟನ್ನಿನಲ್ಲಿ ಪ್ರಿಸಿಲ್ಲಾ ವೈಟ್ ಎಂಬ ವೈದ್ಯೆ ತಮ್ಮ ಆಯುಷ್ಯವನ್ನೇ ಇಂಥ ಬಸುರಿಯರಿಗಾಗಿ ಸವೆಸಿದರು. ಮಗುವಿಗೂ ಬರುತ್ತದೆಯೇ ಎಂದರೆ, ಟೈಪ್ ಒನ್ ಇರುವ ತಾಯಂದಿರ ನೂರು ಮಕ್ಕಳಲ್ಲಿ ಹೆಚ್ಚೆಂದರೆ ನಾಲ್ವರಿಗೆ. ಉಳಿದವರಿಗೆ ಇಲ್ಲ.

ಅಪಾಯವೇ ಇಲ್ಲ ಎಂದು ಸಮಾಧಾನ ಹೇಳಿದರೆ ಅದೂ ಸುಳ್ಳಾಗುತ್ತದೆ. ಮಹಾಮಾಯೆ ಸಿದ್ಧಾರ್ಥನನ್ನು ಹೆತ್ತ ಏಳನೇ ದಿನಕ್ಕೆ ತೀರಿಕೊಂಡಳು. ನಮ್ಮ ಪರಂಪರೆ ಅದನ್ನು ಮುಚ್ಚಿಟ್ಟಿಲ್ಲ. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ. ಎಷ್ಟೋ ಹೆಂಗಸರಿಗೆ ಆಗಿನ್ನೂ ಬಸುರಿಯೆಂದೇ ಗೊತ್ತಿರುವುದಿಲ್ಲ. ಹಾಗಾಗಿ ಸಕ್ಕರೆ ಹತೋಟಿಗೆ ಬರಬೇಕಾದ್ದು ಬಸುರಿಗೂ ಮುಂಚೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ 6.5ಕ್ಕಿಂತ ಕೆಳಗಿರಬೇಕು ಎನ್ನುತ್ತಾರೆ. ಮೊದಲ ತಿಂಗಳುಗಳಲ್ಲಿ ಸಕ್ಕರೆ ತಟ್ಟನೆ ಇಳಿದು ಪ್ರಜ್ಞೆ ತಪ್ಪುವ ಭಯ. ಐದು ತಿಂಗಳು ದಾಟಿದ ಮೇಲೆ ಇನ್ಸುಲಿನ್ ಏರುತ್ತಾ ಹೋಗಿ ಮೊದಲಿನ ಎರಡರಷ್ಟಾದರೂ ಆಗಬಹುದು. ಕಾಯಿಲೆ ಕೈಮೀರಿತು ಎಂದು ಅವಳು ಅಳುತ್ತಾಳೆ. ಅದು ಮಾಸು ಬೆಳೆದಂತೆ ಆಗುವ ಸಹಜ ಕ್ರಿಯೆ. ಕಣ್ಣು, ಕಿಡ್ನಿ, ಬಿ.ಪಿ. ನೋಡಿಸುತ್ತಿರಬೇಕು.

ಅಂಗುಲಿಮಾಲನ ಮಾತು ಬರುವುದು ಇಲ್ಲಿ. ಬೆರಳು ಚುಚ್ಚಿ ಸಕ್ಕರೆ ನೋಡಿ ಬರೆದಿಡುವ ಒಂದು ಪುಸ್ತಕ ಇರುತ್ತದಲ್ಲ, ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟವಾಗಿ ಎರಡು ಗಂಟೆಗೆ 120ರ ಒಳಗೆ ಇರಬೇಕು ಎಂದು ಡಾಕ್ಟರು ಹೇಳಿರುತ್ತಾರೆ. ಬಂದದ್ದು 240. ಡಾಕ್ಟರು ಬೈತಾರೆ, ಅತ್ತೆ "ಏನು ತಿಂದೆ" ಅಂತಾರೆ. ಕೈ ತಾನಾಗಿ 110 ಬರೆಯುತ್ತದೆ. ಡಾಕ್ಟರು ಎಲ್ಲ ಸರಿ ಇದೆ ಎಂದು ಡೋಸ್ ಏರಿಸುವುದಿಲ್ಲ. ಆ ಹೆಚ್ಚಿನ ಸಕ್ಕರೆ ಮಗುವಿನ ಪಾಲು. ಇದರ ಉಲ್ಟಾ ಇನ್ನೂ ಕೆಟ್ಟದ್ದು. ಸೀಮಂತದ ಗಡಿಬಿಡಿಯಲ್ಲಿ ಎರಡು ಹೊತ್ತು ಇಂಜೆಕ್ಷನ್ ತಪ್ಪಿರುತ್ತದೆ, ಹೇಳುವುದಿಲ್ಲ. ಸಕ್ಕರೆ ಏರಿದ್ದು ನೋಡಿ ಡಾಕ್ಟರು ಡೋಸ್ ಏರಿಸುತ್ತಾರೆ. ಮರುದಿನ ಪೂರ್ತಿ ಡೋಸ್ ತಗೊಂಡವಳಿಗೆ ರಾತ್ರಿ ಸಕ್ಕರೆ ಪಾತಾಳಕ್ಕೆ. ಸುಳ್ಳು ಜೀವ ತೆಗೆಯುವುದು ಹೀಗೆ, ಯಾವ ದೇವರ ಶಾಪವೂ ಬೇಕಿಲ್ಲ.

ಆದರೆ ಆ 110 ಅನ್ನು ಅವಳೊಬ್ಬಳೇ ಬರೆಯುತ್ತಾಳೆಯೇ? ಹೆಣ್ಣು ತೋರಿಸುವಾಗ ಕಾಯಿಲೆ ಮುಚ್ಚಿಟ್ಟ ತವರು, ಬಚ್ಚಲಲ್ಲಿ ನಿಂತು ಚುಚ್ಚಿಕೊಳ್ಳುವಂತೆ ಮಾಡಿದ ಗಂಡನ ಮನೆ, ಸಂಖ್ಯೆ ನೋಡಿದೊಡನೆ ಗದರುವ ನಾವು, ಎಲ್ಲರ ಕೈಯೂ ಆ ಪೆನ್ನಿನ ಮೇಲಿದೆ. ಆರೈಕೆಗೆ ಒಗ್ಗುವ ರೋಗಿಯ ಐದು ಗುಣಗಳನ್ನು ಭಗವಾನರು ವಿನಯದಲ್ಲಿ ಹೇಳಿದ್ದಾರೆ: ಹಿತವಾದದ್ದನ್ನು ಮಾಡುವುದು, ಅದರಲ್ಲೂ ಅಳತೆ ಅರಿಯುವುದು, ಔಷಧಿ ತೆಗೆದುಕೊಳ್ಳುವುದು, ಕಾಯಿಲೆ ಹೆಚ್ಚಿದ್ದರೆ ಹೆಚ್ಚಿದೆ ಇಳಿದಿದ್ದರೆ ಇಳಿದಿದೆ ಎಂದು ಆರೈಕೆಯವರಿಗೆ ಇದ್ದದ್ದು ಇದ್ದ ಹಾಗೆ ಹೇಳುವುದು, ನೋವು ತಾಳುವುದು. ಕೂಡಲೇ ಆರೈಕೆ ಮಾಡುವವರಿಗೂ ಐದು ಹೇಳಿದರು. ಯಾವುದು ಹಿತ ಯಾವುದು ಅಹಿತ ಎಂಬ ತಿಳಿವಳಿಕೆ ಅದರಲ್ಲಿದೆ, ಪ್ರೀತಿಯಿಂದ ಮಾಡುವುದೂ ಇದೆ. ನಿಜ ಹೇಳಿದವಳನ್ನು ಬೈಯುವ ಮನೆಯಲ್ಲಿ ನಾಲ್ಕನೇ ಗುಣ ಹೇಗೆ ಉಳಿದೀತು?

ಆದ್ದರಿಂದ ಗಂಡಂದಿರಿಗೆ, ಅತ್ತೆಯಂದಿರಿಗೆ ಒಂದೆರಡು ಮಾತು. ಬಸುರಿ ಇಬ್ಬರ ಊಟ ಉಣ್ಣಬೇಕು ಎನ್ನುವುದನ್ನು ಬಿಡಿ. ಮುದ್ದೆಯೂ ಅಳತೆಯದ್ದೇ ಇರಲಿ, ಹೊತ್ತಿಗೆ ಸರಿಯಾಗಿ ಇರಲಿ. ಬೆವರಿ, ನಡುಗಿ, ಮಾತು ತೊದಲಿದರೆ ಮೊದಲು ಸಕ್ಕರೆ ನೀರು, ಆಮೇಲೆ ಪ್ರಶ್ನೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ವಾಂತಿಯಾಗಿ ಊಟ ಸೇರದಿದ್ದರೂ ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ, ಆಸ್ಪತ್ರೆಗೆ ಹೊರಡಬೇಕು. ಹೆರಿಗೆ ಎಲ್ಲಿ ಎಂಬುದನ್ನು ಏಳು ತಿಂಗಳಿಗೇ ಡಾಕ್ಟರ ಜೊತೆ ತೀರ್ಮಾನಿಸಿ. ಹುಟ್ಟಿದ ಮಗುವಿನ ಸಕ್ಕರೆ ಇಳಿಯಬಹುದಾದ್ದರಿಂದ ನವಜಾತ ಶಿಶು ಘಟಕ ಇರುವ ಕಡೆಯೇ ಆಗಬೇಕು. ನಮ್ಮ ಕಡೆಯವರಿಗೆ ಅದು ದಾವಣಗೆರೆಯೋ ಶಿವಮೊಗ್ಗವೋ. ಇಂಥವರಿಗೆ ಸಾಮಾನ್ಯವಾಗಿ 37–38 ವಾರಕ್ಕೇ ದಿನ ಗೊತ್ತು ಮಾಡುತ್ತಾರೆ, ನೋವು ಬರಲಿ ಎಂದು ಕಾಯುತ್ತಾ ಕೂರಬೇಡಿ. ಮಾಸು ಬಿದ್ದ ಗಳಿಗೆಯಿಂದ ಇನ್ಸುಲಿನ್ ಬೇಡಿಕೆ ಒಮ್ಮೆಲೇ ಕುಸಿಯುತ್ತದೆ, ಹಳೆಯ ಡೋಸ್ ಮುಂದುವರಿಸಿದರೆ ಅಪಾಯ. ಬಾಣಂತಿ ರಾತ್ರಿ ಹಾಲೂಡಿಸುವಾಗ ತಿನ್ನಲು ಏನಾದರೂ ಪಕ್ಕದಲ್ಲಿರಲಿ.

1928ರ ಜುಲೈನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ ಬಾಬಾಸಾಹೇಬರು ಮಾತಾಡಿದ್ದರು. ಬಸುರಿಯ ವಿಶ್ರಾಂತಿ ದೇಶಕ್ಕೇ ಸೇರಿದ್ದು ಎಂಬುದು ಅವರ ನಿಲುವು. ಅಡಿಕೆ ಸುಲಿಯಲು ಕೂರುವ ನಮ್ಮ ಹೆಣ್ಣುಮಕ್ಕಳಿಗೆ ಆ ಕಾನೂನು ಇನ್ನೂ ಮುಟ್ಟಿಲ್ಲ, ಆ ಮಾತು ಇನ್ನೊಂದು ದಿನ.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡಿನ ಜೊತೆ ಆ ಶುಗರ್ ಪುಸ್ತಕವನ್ನೂ ಒಯ್ಯಿರಿ, 240 ಇದ್ದರೆ 240 ಎಂದೇ ಇರಲಿ. ಜೊತೆಗೆ ಹೋಗಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲದಿದ್ದರೆ ಹಿಂದಿನ ದಿನವೇ ಈ ಗುಂಪಿನಲ್ಲಿ ತಿಳಿಸಿ, ನಮ್ಮಲ್ಲಿ ಒಬ್ಬರು ಬರುತ್ತೇವೆ.