ಬೆರಳಿನ ಮಾತೂ ಮಾತೇ

ಹಿಂದೆ ಮಾತು ಕೊಡಬೇಕಾದರೆ ಇಬ್ಬರು ಎದುರುಬದುರಾಗಿ ಕುಳಿತುಕೊಳ್ಳಬೇಕಿತ್ತು. ಸಾಲವಾಗಲಿ, ಗುತ್ತಿಗೆಯಾಗಲಿ, ನಿಕಾಹ್‌ನ ಮಾತುಕತೆಯಾಗಲಿ, ಒಬ್ಬನ ನಾಲಿಗೆ ನುಡಿಯುತ್ತಿತ್ತು, ಇನ್ನೊಬ್ಬನ ಕಿವಿ ಕೇಳುತ್ತಿತ್ತು. ಪಕ್ಕದಲ್ಲಿ ಸಾಕ್ಷಿಗಳಿರುತ್ತಿದ್ದರು. ದೇವಭಯ ಕಡಿಮೆಯಿದ್ದವರನ್ನೂ ಮುಖದ ದಾಕ್ಷಿಣ್ಯವಾದರೂ ಸುಳ್ಳಿನಿಂದ ತಡೆಯುತ್ತಿತ್ತು.

ಇಂದು ನಮ್ಮ ಎಷ್ಟೋ ಮಾತುಗಳನ್ನು ಬೆರಳು ಆಡುತ್ತಿದೆ. 1995ರ ಆಗಸ್ಟ್ 15ರಂದು ನಮ್ಮ ದೇಶದ ಸಾರ್ವಜನಿಕರಿಗೆ ತೆರೆದುಕೊಂಡ ಅಂತರ್ಜಾಲ ಈಗ ಬೇಲೂರಿನಂತಹ ತಾಲೂಕು ಪಟ್ಟಣದಲ್ಲೂ ದಿನನಿತ್ಯದ ಆಸರೆಯಾಗಿದೆ. ಗ್ಯಾಸ್ ಸಿಲಿಂಡರ್, ಪಹಣಿ, ರೈಲು ಟಿಕೆಟ್, ಮಕ್ಕಳ ವಿದ್ಯಾರ್ಥಿವೇತನ, ಹಜ್ಜ್‌ನ ಅರ್ಜಿ ಎಲ್ಲಕ್ಕೂ ಅದೇ ದಾರಿ. ಈ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಒಂದು ಪುಟ್ಟ ಚೌಕ ಎದುರಾಗುತ್ತದೆ: ‘ಎಲ್ಲವನ್ನೂ ಓದಿದ್ದೇನೆ, ಒಪ್ಪಿದ್ದೇನೆ, ನಾನು ಕೊಟ್ಟ ವಿವರ ಸತ್ಯ.’ ಬೆರಳು ತಾಗುತ್ತದೆ, ಕೆಲಸ ಮುಗಿಯುತ್ತದೆ. ಎದುರಿಗೆ ಯಾರ ಮುಖವೂ ಇಲ್ಲ. ಹಾಗಾದರೆ ಈ ಬೆರಳಿನ ಮಾತಿಗೆ ನಾಲಿಗೆಯ ಮಾತಿನಷ್ಟೇ ಹೊಣೆ ಇದೆಯೇ?

ಇದನ್ನು ಅರಿಯಲು ಮ್ಯಾರಥಾನ್ ಓಟದ ನೋಂದಣಿಯನ್ನೇ ನೋಡೋಣ. ಅಲ್ಲಿ ಬೆರಳು ಕೊಟ್ಟ ಮಾತನ್ನು ಕಾಲು ತೀರಿಸಬೇಕಾಗುತ್ತದೆ. ಮ್ಯಾರಥಾನ್‌ನ ದೂರ 42.195 ಕಿಲೋಮೀಟರ್. ಬೇಲೂರಿನಿಂದ ಹಾಸನಕ್ಕೆ ಇರುವುದು ಸುಮಾರು 40 ಕಿಲೋಮೀಟರ್. ಅಂದರೆ ಆ ದಾರಿಯುದ್ದಕ್ಕೂ ಓಡಿ ಹಾಸನ ಮುಟ್ಟಿದವನಿಗೆ ಇನ್ನೂ ಓಟ ಬಾಕಿ ಇರುತ್ತದೆ. ಇಂತಹ ಓಟಕ್ಕೆ ಹೆಸರು ಕೊಡಲು ಬೇಕಾಗುವುದು ಐದು ನಿಮಿಷ. ಸಿದ್ಧವಾಗಲು ಬೇಕಾಗುವುದು ಹಲವು ತಿಂಗಳು.

ಓಟದಲ್ಲಿ ತಪ್ಪೇನಿಲ್ಲ. ಪ್ರವಾದಿವರ್ಯರು(ಸ) ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದು, ಒಮ್ಮೆ ಸೋತು ಇನ್ನೊಮ್ಮೆ ಗೆದ್ದದ್ದು ಹದೀಸ್‌ನಲ್ಲಿ ವರದಿಯಾಗಿದೆ. ದೇಹವು ಅಲ್ಲಾಹನ ಅಮಾನತ್ ಆಗಿದ್ದು ಅದನ್ನು ಗಟ್ಟಿಮುಟ್ಟಾಗಿ ಇಟ್ಟುಕೊಳ್ಳುವುದು ಒಳ್ಳೆಯ ಕೆಲಸವೇ. ಪ್ರಶ್ನೆ ಇರುವುದು ಅದಕ್ಕೆ ಮೊದಲು ಬೆರಳು ಏನು ನುಡಿಯಿತು ಎಂಬುದರಲ್ಲಿ.

ಬೇಲೂರಿನ ಯುವಕನೊಬ್ಬ ಬೆಂಗಳೂರಿನ ಓಟಕ್ಕೆ ಮೊಬೈಲ್‌ನಲ್ಲಿ ಹೆಸರು ಕೊಡುತ್ತಾನೆಂದು ಭಾವಿಸಿ. ಹೃದಯದ ತೊಂದರೆ ಇದೆಯೇ ಎಂಬ ಪ್ರಶ್ನೆ ಬರುತ್ತದೆ. ವೈದ್ಯರು ಎಚ್ಚರಿಸಿದ್ದರೂ ಅರ್ಜಿ ತಿರಸ್ಕೃತವಾದೀತೆಂದು ಅವನು ‘ಇಲ್ಲ’ ಎಂದು ಒತ್ತುತ್ತಾನೆ. ಹಿಂದಿನ ಓಟದ ಸಮಯ ಕೇಳಿದರೆ ಅರ್ಧ ಗಂಟೆ ಕಡಿಮೆ ಬರೆಯುತ್ತಾನೆ. ಕೊನೆಗೆ ಹೋಗಲಾಗದಿದ್ದರೆ ತನ್ನ ಸಂಖ್ಯೆಯ ಪಟ್ಟಿಯನ್ನು ಗೆಳೆಯನಿಗೆ ಕೊಟ್ಟುಬಿಡುತ್ತಾನೆ. ಮೂರೂ ಅವನಿಗೆ ಸಣ್ಣ ವಿಷಯ. ಆದರೆ ಆರೋಗ್ಯದ ಉತ್ತರವನ್ನು ನಂಬಿ ಆಯೋಜಕರು ಅವನನ್ನು ಓಟಕ್ಕೆ ಬಿಡುತ್ತಾರೆ. ಸಮಯದ ಉತ್ತರವನ್ನು ನಂಬಿ ಅವನನ್ನು ವೇಗದವರ ಸಾಲಿನಲ್ಲಿ ನಿಲ್ಲಿಸುತ್ತಾರೆ. ಹಿಂದಿನಿಂದ ಬಂದವರು ಎಡವಿದರೆ ಹೊಣೆ ಯಾರದು? ಎದೆಯ ಮೇಲಿನ ಸಂಖ್ಯೆಯಿಂದಲೇ ಓಟಗಾರನ ಗುರುತು ಹಿಡಿಯುತ್ತಾರೆ. ಗೆಳೆಯ ಕುಸಿದು ಬಿದ್ದರೆ ಫೋನ್ ಹೋಗುವುದು ಬೇರೆಯದೇ ಮನೆಗೆ. ಒಂದು ತಾಯಿ ವಿನಾಕಾರಣ ಅಳುತ್ತಾಳೆ, ಇನ್ನೊಂದು ತಾಯಿಗೆ ಸುದ್ದಿಯೇ ತಲಪುವುದಿಲ್ಲ.

ಇನ್ನು, ಓಡುವ ಉದ್ದೇಶವೇ ಇಲ್ಲದೆ ಹೆಸರು ಕೊಡುವವರೂ ಇದ್ದಾರೆ. 2025ರ ಲಂಡನ್ ಮ್ಯಾರಥಾನ್‌ಗೆ ಚೀಟಿ ಎತ್ತುವ ಪದ್ಧತಿಯಲ್ಲಿ 8 ಲಕ್ಷ 40 ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದ್ದರು. ಓಟ ಮುಗಿಸಿದವರು 56 ಸಾವಿರಕ್ಕೂ ತುಸು ಹೆಚ್ಚು. ಸ್ಥಳ ಮಿತವಾಗಿರುವಲ್ಲಿ ಮನಸ್ಸಿಲ್ಲದೆ ಹಿಡಿದಿಟ್ಟ ಒಂದು ಸ್ಥಾನ, ತಿಂಗಳುಗಟ್ಟಲೆ ಬೆವರು ಸುರಿಸಿದ ಇನ್ನೊಬ್ಬನ ಹಕ್ಕು.

ಯಂತ್ರಕ್ಕೆ ಹೇಳಿದ ಸುಳ್ಳು ಸುಳ್ಳಲ್ಲ ಎಂದು ಕೆಲವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಯಂತ್ರವು ಕೇವಲ ಅಂಚೆಯವನು ಎಂಬುದನ್ನು ಅವರು ಮರೆಯುತ್ತಾರೆ. ಅಂಚೆಯವನ ಕೈಗೆ ಸುಳ್ಳು ಪತ್ರ ಕೊಟ್ಟವನು ಅಂಚೆಯವನಿಗೆ ಸುಳ್ಳು ಹೇಳಿದನೇ ಅಥವಾ ಪತ್ರ ಓದುವವನಿಗೆ ಹೇಳಿದನೇ? ನಮ್ಮ ದೇಶದ ಕಾನೂನೂ ಈ ನೆಪವನ್ನು ಒಪ್ಪುವುದಿಲ್ಲ. ಒಪ್ಪಂದ ವಿದ್ಯುನ್ಮಾನ ರೂಪದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಅದು ಅಸಿಂಧುವಾಗದು ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ಆಮೇಲೆ ಸೇರಿಸಲಾದ ತಿದ್ದುಪಡಿ ಹೇಳುತ್ತದೆ.

ಆದರೆ ನ್ಯಾಯವಾದ ಒಂದು ಆಕ್ಷೇಪವಿದೆ. ‘ಹತ್ತಾರು ಪುಟಗಳ ಷರತ್ತು, ಅದೂ ಇಂಗ್ಲಿಷ್ ಕಾನೂನು ಭಾಷೆಯಲ್ಲಿ. ಓದುತ್ತಾ ಕುಳಿತರೆ ಸಿಲಿಂಡರ್ ಬರುವುದು ಯಾವಾಗ?’ ಇದನ್ನು ತಳ್ಳಿಹಾಕುವಂತಿಲ್ಲ. ಅರ್ಥವಾಗದಂತೆ ಬರೆದು ಒಪ್ಪಿಗೆ ಪಡೆಯುವವನು ದೋಷವಿರುವ ಸರಕನ್ನು ಮುಚ್ಚಿಟ್ಟು ಮಾರುವ ವ್ಯಾಪಾರಿಯಂತೆಯೇ ಹೊಣೆಗಾರ. ಜನರ ಖಾಸಗಿ ವಿವರಗಳನ್ನು ಪಡೆಯುವ ಒಪ್ಪಿಗೆ ಮುಕ್ತವಾಗಿ, ತಿಳಿದು ಕೊಟ್ಟದ್ದಾಗಿರಬೇಕು, ಅದರ ಕೋರಿಕೆಯನ್ನು ಇಂಗ್ಲಿಷ್‌ನಲ್ಲಿ ಇಲ್ಲವೇ ಕನ್ನಡವೂ ಸೇರಿದಂತೆ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಅವಕಾಶವಿರಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ವಿಧಿಸುತ್ತದೆ.

ಆದ್ದರಿಂದ ಎರಡನ್ನು ಬೇರ್ಪಡಿಸಿ ನೋಡಬೇಕು. ಇನ್ನೊಬ್ಬರು ಬರೆದ ಷರತ್ತಿಗೆ ತಲೆದೂಗುವುದು ಒಂದು, ನಮ್ಮ ಬಗ್ಗೆ ನಾವೇ ಸಾಕ್ಷ್ಯ ನುಡಿಯುವುದು ಇನ್ನೊಂದು. ಮೊದಲನೆಯದರಲ್ಲಿ ತಿಳಿಯದೆ ಸಿಲುಕಿದವನಿಗೆ ವಿನಾಯಿತಿ ಇದ್ದೀತು. ಆದರೆ ನನ್ನ ವಯಸ್ಸು, ಆದಾಯ, ರೋಗ, ನನ್ನ ಸಂಕಲ್ಪ, ಇವನ್ನು ತಿಳಿಯಲು ಇಂಗ್ಲಿಷ್ ಬೇಕಾಗಿಲ್ಲ. ಅಲ್ಲಿ ಸುಳ್ಳೊತ್ತಿದವನಿಗೆ ನೆಪವಿಲ್ಲ. ಸುಳ್ಳು ಸಾಕ್ಷ್ಯವನ್ನು ಪ್ರವಾದಿವರ್ಯರು(ಸ) ಮಹಾಪಾಪಗಳ ಸಾಲಿನಲ್ಲಿ ಸೇರಿಸಿದ್ದಾರೆ.

ಈ ಹೊಣೆ ಇನ್ನೊಬ್ಬರ ಪರವಾಗಿ ಒತ್ತುವಾಗ ಇಮ್ಮಡಿಯಾಗುತ್ತದೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿಗಾಗಿ ಗ್ರಾಮ ಒನ್ ಕೇಂದ್ರಗಳ ಮುಂದೆ ಸಾಲು ನಿಂತ ತಾಯಂದಿರನ್ನು ನೆನೆಯಿರಿ. ಅವರಲ್ಲಿ ಎಷ್ಟೋ ಮಂದಿಗೆ ಪರದೆಯ ಮೇಲಿನ ಅಕ್ಷರ ಓದಲು ಬಾರದು. ಅವರು ನಂಬಿದ್ದು ಅಂತರ್ಜಾಲವನ್ನಲ್ಲ, ಅದರ ಮುಂದೆ ಕುಳಿತ ಮನುಷ್ಯನನ್ನು. ಉಮ್ಮಾನ ಪರವಾಗಿ ಒತ್ತುವ ಮಗನ ಬೆರಳೂ ಒಂದು ಅಮಾನತ್. ಏನಕ್ಕೆ ಒಪ್ಪುತ್ತಿದ್ದೇವೆಂದು ಆಕೆಗೆ ಎರಡು ಮಾತಿನಲ್ಲಿ ತಿಳಿಸದೆ ಒತ್ತುವುದು ಆಕೆಯ ನಂಬಿಕೆಗೆ ಬಗೆವ ದ್ರೋಹ.

1980ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ರೋಸಿ ರೂಯಿಜ್ ಎಂಬಾಕೆ ಮಹಿಳೆಯರಲ್ಲಿ ಮೊದಲಿಗಳಾಗಿ ಗುರಿ ಮುಟ್ಟಿದಳು. ಆದರೆ ದಾರಿಯಲ್ಲಿ ಆಕೆಯನ್ನು ಕಂಡವರೇ ಇರಲಿಲ್ಲ. ಓಟದ ಕೊನೆಯ ಭಾಗದಲ್ಲಷ್ಟೇ ಆಕೆ ಸೇರಿಕೊಂಡಿದ್ದಳೆಂದು ತಿಳಿದು ಎಂಟು ದಿನಗಳಲ್ಲಿ ಪ್ರಶಸ್ತಿಯನ್ನು ಹಿಂಪಡೆದು ಕೆನಡಾದ ಜಾಕ್ವೆಲಿನ್ ಗರೋರಿಗೆ ನೀಡಲಾಯಿತು. ಈಗಿನ ಓಟಗಳಲ್ಲಿ ಓಟಗಾರರು ಧರಿಸುವ ಸಣ್ಣ ಚಿಪ್, ದಾರಿಯಲ್ಲಿ ಹಾಸಿದ ಪಟ್ಟಿಗಳನ್ನು ಕಾಲು ದಾಟಿದಾಗಲೆಲ್ಲ ಅದನ್ನು ದಾಖಲಿಸುತ್ತದೆ. ಬೆರಳು ಹೇಳಿದ್ದು ನಿಜವೇ ಎಂದು ಕಾಲು ಸಾಕ್ಷ್ಯ ನುಡಿಯುತ್ತದೆ. ಅಂತಿಮ ದಿನದಂದು ಬಾಯಿಗೆ ಮುದ್ರೆ ಬಿದ್ದು ಕೈಗಳು ಮಾತಾಡುವುವು, ಕಾಲುಗಳು ಸಾಕ್ಷಿಯಾಗುವುವು ಎಂದು ಪವಿತ್ರ ಕುರ್‌ಆನ್ ಎಚ್ಚರಿಸಿರುವುದನ್ನು ಇಲ್ಲಿ ನೆನೆಯದಿರಲು ಸಾಧ್ಯವೇ?

ಅಂತರ್ಜಾಲವನ್ನು ಬಿಟ್ಟು ಬದುಕಿರೆಂದು ಯಾರೂ ಹೇಳುತ್ತಿಲ್ಲ. ಅದು ಒಳ್ಳೆಯ ಸಾಧನ. ಅದು ನಮ್ಮ ಕಾಲಿನ ದಣಿವನ್ನು ಕಳೆಯಲಿ, ನಾಲಿಗೆಯ ಹೊಣೆಯನ್ನು ಕಳೆಯದಿರಲಿ. ಸಹೋದರ ಸಹೋದರಿಯರೇ, ಮುಂದಿನ ಬಾರಿ ಆ ಪುಟ್ಟ ಚೌಕ ಎದುರಾದಾಗ ಒಂದು ಕ್ಷಣ ಬೆರಳನ್ನು ತಡೆಯಿರಿ. ಇದೇ ಮಾತನ್ನು ಊರಿನ ಹಿರಿಯರೆದುರು ಬಾಯಿಬಿಟ್ಟು ಹೇಳಬಲ್ಲೆನೇ ಎಂದು ಕೇಳಿಕೊಳ್ಳಿರಿ. ಹೇಳಬಲ್ಲಿರಾದರೆ ‘ಬಿಸ್ಮಿಲ್ಲಾಹ್’ ಎಂದು ಒತ್ತಿರಿ. ಇಲ್ಲವಾದರೆ ಆ ಅರ್ಜಿ ಅಲ್ಲೇ ನಿಲ್ಲಲಿ.